ಹಾಸ್ಟೆಲ್ಲೋ, ರೂಮೋ?



ಪಿಯುಸಿ ಫಲಿತಾಂಶ ಬಂದು ಪದವಿ ಕಾಲೇಜುಗಳ ಪ್ರವೇಶ ಶುರುವಾಯಿತೆಂದರೆ ಧಾರವಾಡದ ತುಂಬ ಒಂದೇ ಪ್ರಶ್ನೆ. ಸವದತ್ತಿ, ರೋಣ, ಹಾನಗಲ್ಲು, ಕುಷ್ಟಗಿ, ಹಳಿಯಾಳದ ಕಡೆಯಿಂದ ಮಗನನ್ನೋ ಮಗಳನ್ನೋ ಕರೆದುಕೊಂಡು ಬಂದ ತಂದೆತಾಯಿ, ಫೀ ತುಂಬಿ ಹೊರಗೆ ಬಂದ ಕೂಡಲೇ ಕೇಳುವುದು ಇದನ್ನೇ: “ಸರ, ಹಾಸ್ಟೆಲ್‌ನ್ಯಾಗ ಇಡೋದು ಚೊಲೋನೊ, ಹೊರಗ ರೂಮ್ ಮಾಡಿಕೊಡೋದು ಚೊಲೋನೊ?” ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಹಾಸ್ಟೆಲಿನ ಜವಾಬ್ದಾರಿಯನ್ನೂ ಹೊತ್ತವನಾದ್ದರಿಂದ ಈ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ನನ್ನ ಮೇಲೆ ಬೀಳುತ್ತಲೇ ಬಂದಿದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸೀಟು ಸಿಗುವುದಾದರೆ ಮೊದಲ ವರ್ಷ ಹಾಸ್ಟೆಲಿನಲ್ಲೇ ಇರಲಿ. ಎರಡನೆಯ ವರ್ಷದಿಂದ ಎಲ್ಲಿರಬೇಕೆಂಬುದನ್ನು ಆ ಹುಡುಗನೋ ಹುಡುಗಿಯೋ ಊರು ನೋಡಿ, ಜನ ನೋಡಿ, ತಾವೇ ತೀರ್ಮಾನ ಮಾಡಲಿ.

ಬಹಳ ಮಂದಿ ಇದನ್ನು ಹಣದ ಲೆಕ್ಕವೆಂದು ತಿಳಿಯುತ್ತಾರೆ. ಮಕ್ಕಳು ಸ್ವಾತಂತ್ರ್ಯದ ಲೆಕ್ಕವೆಂದು ತಿಳಿಯುತ್ತಾರೆ. ಎರಡೂ ಬೇಕು, ಎರಡಕ್ಕೂ ಬರುತ್ತೇನೆ. ಆದರೆ ನಾನು ಪೋಷಕರಿಗೆ ಮೊದಲು ಕೇಳುವ ಮಾತು ಬೇರೆ: ನಿಮ್ಮ ಮಗ ಒಂದು ರಾತ್ರಿ ಊಟಕ್ಕೆ ಬರದಿದ್ದರೆ ಅದು ಯಾರಿಗೆ ಗೊತ್ತಾಗುತ್ತದೆ? ಈ ಪ್ರಶ್ನೆಗೆ ಒಂದು ಹೆಸರು ಹೇಳಲು ಬರುವಂತಿದ್ದರೆ ಆ ಜಾಗ ಯಾವುದಾದರೂ ಸರಿ, ಅರ್ಧ ಚಿಂತೆ ಕಳೆದಂತೆ.

ನಮ್ಮ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಒಬ್ಬ ಅಕ್ಕ ಇದ್ದಳು. ಒಂದು ಸಂಜೆ ನನ್ನ ಹತ್ತಿರ ಬಂದು, “ಸರ, ಆ ಮೂಲಿ ರೂಮಿನ ಹುಡುಗ ನಿನ್ನಿ ಮಧ್ಯಾಹ್ನದಿಂದ ಉಂಡಿಲ್ಲ ನೋಡ್ರಿ” ಅಂದಳು. ಹೋಗಿ ನೋಡಿದರೆ ಹುಡುಗ ಟ್ರಂಕು ತುಂಬಿಕೊಂಡು ಕೂತಿದ್ದ. ಜ್ವರವಿಲ್ಲ, ಜಗಳವಿಲ್ಲ. ಹನ್ನೆರಡನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿ ಬಂದವನು. ಇಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಿತ್ತು. “ಇದು ನನ್ನ ಕೈಲಿ ಆಗೂದಿಲ್ರಿ ಸರ, ಊರಿಗೆ ಹೋಗಿ ಹೊಲಾ ಮಾಡ್ತೀನಿ” ಎಂದ. ನಾನು ಹೇಳಿದ ಸಮಾಧಾನ ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಪಕ್ಕದ ರೂಮಿನಿಂದ ಅಂತಿಮ ವರ್ಷದ ಇಬ್ಬರು ಬಂದು ಕೂತರು. ಅವರೂ ಕನ್ನಡ ಮಾಧ್ಯಮದವರೇ. ತಮ್ಮ ಮೊದಲ ವರ್ಷದ ಅಂಕಗಳನ್ನು ಮುಚ್ಚಿಡದೆ ಹೇಳಿದರು. ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಹೇಗೆ ಮಾಡಬೇಕೆಂದು ಆ ರಾತ್ರಿಯೇ ಅವನ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದು ತೋರಿಸಿದರು. ಟ್ರಂಕು ಬಿಚ್ಚಿತು. ಹೊರಗೆ ಒಂಟಿ ಕೋಣೆಯಲ್ಲಿದ್ದಿದ್ದರೆ ಆ ಹುಡುಗ ಮರುದಿನ ಬೆಳಗಿನ ಬಸ್ಸು ಹತ್ತಿಬಿಡುತ್ತಿದ್ದ. ಮೊದಲ ವರ್ಷದಲ್ಲೇ ಓದು ಬಿಟ್ಟುಹೋಗುವ ಹಳ್ಳಿಯ ಮಕ್ಕಳಲ್ಲಿ ಬುದ್ಧಿ ಕಡಿಮೆಯಾಗಿ ಹೋದವರನ್ನು ನಾನು ಕಂಡಿಲ್ಲ. ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಹೋದವರೇ ಹೆಚ್ಚು.

ಧಾರವಾಡವನ್ನು ವಿದ್ಯಾಕಾಶಿ ಎನ್ನುತ್ತೇವೆ. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು, 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ, ಇವು ನಮ್ಮ ಹೆಮ್ಮೆ. ಆದರೆ ಹಳ್ಳಿಯ ಹುಡುಗ ಈ ಕಾಲೇಜುಗಳ ಮೆಟ್ಟಿಲು ಹತ್ತಲು ಸಾಧ್ಯವಾದದ್ದು ಅವನಿಗೆ ಉಣ್ಣಲು, ಮಲಗಲು ಜಾಗ ಸಿಕ್ಕಿದ್ದರಿಂದ. ವಾರಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ವಾರಾನ್ನ ಉಂಡು ಓದಿದವರ ಕಾಲವೊಂದಿತ್ತು. ವಾರಾನ್ನ ಎಲ್ಲ ಜಾತಿಯ ಮಕ್ಕಳಿಗೂ ಸಿಗುತ್ತಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿ ಸಾವಿರಾರು ಬಡಮಕ್ಕಳಿಗೆ ಅನ್ನ ಹಾಕಿ ಓದಿಸಿದರು. ಬಾಬಾಸಾಹೇಬ ಅಂಬೇಡ್ಕರರು ಇದೇ ಧಾರವಾಡದಲ್ಲಿ ದಲಿತ ಮಕ್ಕಳಿಗಾಗಿ ವಸತಿ ನಿಲಯ ತೆರೆಸಿದರು. ಬಲವಂತರಾವ್ ವರಾಳೆಯವರು ಅದನ್ನು ನೋಡಿಕೊಂಡರು. ಅಲ್ಲಿ ಮಕ್ಕಳ ಊಟಕ್ಕೆ ತೊಂದರೆಯಾದಾಗ ಅಂಬೇಡ್ಕರರ ಪತ್ನಿ ರಮಾಬಾಯಿಯವರು ತಮ್ಮ ಕೈಯ ಬಳೆಗಳನ್ನೇ ಕೊಟ್ಟ ಸಂಗತಿಯನ್ನು ನಮ್ಮೂರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಆದ್ದರಿಂದ ಹಾಸ್ಟೆಲನ್ನು ಬರೀ ಅಗ್ಗದ ವಸತಿಯೆಂದು ಯಾರಾದರೂ ಹೇಳಿದರೆ ನನಗೆ ಬೇಸರವಾಗುತ್ತದೆ. ಬೀದರಿನ ಹುಡುಗ, ಕಾರವಾರದ ಹುಡುಗ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು, ಒಬ್ಬನ ಮಾತು ಇನ್ನೊಬ್ಬನಿಗೆ ಮೊದಮೊದಲು ತಿಳಿಯದೆ ಆಮೇಲೆ ರೂಢಿಯಾಗುವುದು, ಇದೂ ವಿದ್ಯೆಯೇ. ಹಾಸ್ಟೆಲನ್ನೇ ಬದುಕಾಗಿಸಿಕೊಂಡವರೂ ಇದ್ದರು: ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯನ್ನೇ ಮನೆ ಮಾಡಿಕೊಂಡು ವಿದ್ಯಾರ್ಥಿಗಳ ನಡುವೆಯೇ ಬಾಳಿದರು.

ಹಾಗೆಂದು ಹಾಸ್ಟೆಲಿನಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. ಇಬ್ಬರ ಕೋಣೆಯಲ್ಲಿ ನಾಲ್ವರು, ಬೆಳಿಗ್ಗೆ ಸ್ನಾನಕ್ಕೆ ಸಾಲು, ವಾರವಿಡೀ ಅದೇ ನೀರು ಸಾರು. ಇವೆಲ್ಲ ಇವೆ. ರ‍್ಯಾಗಿಂಗಿನ ಭಯವೂ ಪೋಷಕರಿಗೆ ಇದೆ. 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಂದ ನಿಯಮಾವಳಿಯ ಪ್ರಕಾರ ಅದು ಶಿಕ್ಷಾರ್ಹ ಅಪರಾಧ. ಪ್ರವೇಶದ ಸಮಯದಲ್ಲಿ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡುತ್ತಾರಲ್ಲ, ಅದು ಇದಕ್ಕಾಗಿಯೇ. ದಿನದ ಯಾವ ಹೊತ್ತಿನಲ್ಲಾದರೂ 1800-180-5522 ಸಂಖ್ಯೆಗೆ ಹಣ ಕೊಡದೆ ಕರೆ ಮಾಡಿ ದೂರು ಹೇಳಬಹುದು. ಈ ಸಂಖ್ಯೆಯನ್ನು ಈಗಲೇ ಬರೆದುಕೊಳ್ಳಿ. ಇನ್ನೊಂದು ವಿಷಯ: ಕ್ಯಾಂಪಸ್ಸಿನ ಹೊರಗೆ ಇರುವ ಹಾಸ್ಟೆಲಿಗೂ, ಓಡಾಡುವ ಬಸ್ಸಿಗೂ ಈ ನಿಯಮ ಅನ್ವಯಿಸುತ್ತದೆ.

ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹುಡುಗರು ರಾತ್ರಿ ಹತ್ತಕ್ಕೂ ಗ್ರಂಥಾಲಯದಲ್ಲಿ ಕೂತಿರುತ್ತಾರೆ. ಅದೇ ತರಗತಿಯ ಹುಡುಗಿಯರು ಹೊತ್ತು ಮುಳುಗುವ ಮುಂಚೆ ಗೇಟಿನೊಳಗೆ ಬರಬೇಕು. ಪ್ರಯೋಗಾಲಯದ ಕೆಲಸ ಅರ್ಧಕ್ಕೆ ನಿಲ್ಲಿಸಿ ಓಡಿಬರುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಇದು ಅನ್ಯಾಯ. 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ‘ಪಿಂಜರಾ ತೋಡ್’ ಎಂಬ ಹೆಸರಿನಲ್ಲಿ ಬೀದಿಗಿಳಿದದ್ದು ಈ ಗೇಟಿನ ವೇಳೆಯನ್ನು ಪ್ರಶ್ನಿಸಿಯೇ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಹಾಸ್ಟೆಲಿನಲ್ಲಿ ಮೊಬೈಲ್ ಬಳಸಬಾರದೆಂಬ ಇಂಥದೇ ಇನ್ನೊಂದು ಕಟ್ಟಳೆಯನ್ನು ಕೇರಳದ ಒಬ್ಬ ವಿದ್ಯಾರ್ಥಿನಿ ಪ್ರಶ್ನಿಸಿದಾಗ, 2019ರಲ್ಲಿ ಕೇರಳ ಹೈಕೋರ್ಟ್ ಆಕೆಯ ಪರವಾಗಿ ತೀರ್ಪು ಕೊಟ್ಟಿತು. ಸುರಕ್ಷತೆಯ ಹೆಸರಿನಲ್ಲಿ ಮಗಳ ಓದಿನ ಗಂಟೆಗಳನ್ನು ಕಸಿದುಕೊಂಡರೆ ಅವಳು ಎರಡನೆಯ ವರ್ಷ ಪಿ.ಜಿ. (ಪೇಯಿಂಗ್ ಗೆಸ್ಟ್ ವಸತಿ) ಹುಡುಕಿಕೊಂಡು ಹೋಗುತ್ತಾಳೆ, ತಪ್ಪು ಅವಳದಲ್ಲ. ಹಾಸ್ಟೆಲುಗಳ ಆಡಳಿತ ನೋಡುವವರು ಗೇಟು ಮುಚ್ಚುವುದನ್ನು ಬಿಟ್ಟು, ಗ್ರಂಥಾಲಯದಿಂದ ಹಾಸ್ಟೆಲಿನವರೆಗೆ ಬೀದಿದೀಪ ಹಾಕಿಸಲಿ, ರಾತ್ರಿ ಕಾವಲಿಗೆ ಇಬ್ಬರನ್ನು ನೇಮಿಸಲಿ.

ಈಗ ರೂಮಿನ ಮಾತು. ಸಪ್ತಾಪುರದ ಕಡೆ ಹೋದರೆ ಗೋಡೆ ಗೋಡೆಗೂ ‘ರೂಮ್ ಬಾಡಿಗೆಗಿದೆ’ ಎಂಬ ಚೀಟಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಪದವಿಯವರು, ಕೆಲಸ ಹುಡುಕುವವರು ಎಲ್ಲ ಸೇರಿ ಅದೊಂದು ಬೇರೆಯದೇ ಊರಾಗಿದೆ. ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಹಾಸ್ಟೆಲಿನ ಊಟ ಉಂಡು ಬೇಸತ್ತವನಿಗೆ ಅದು ಸ್ವರ್ಗ. ಎಷ್ಟು ಹೊತ್ತಿಗೆ ಬೇಕಾದರೂ ಓದಬಹುದು, ದೀಪ ಆರಿಸು ಎನ್ನುವವರಿಲ್ಲ. ತಾನೇ ಅಡುಗೆ ಮಾಡಿಕೊಂಡು, ಬಟ್ಟೆ ಒಗೆದುಕೊಂಡು, ತಿಂಗಳ ಖರ್ಚು ಬರೆದಿಟ್ಟು ಬದುಕುವುದನ್ನು ಕಲಿಯುವುದೂ ದೊಡ್ಡದೇ. ಅದಕ್ಕೇ ಎರಡನೆಯ, ಮೂರನೆಯ ವರ್ಷಕ್ಕೆ ರೂಮು ಮಾಡುವೆನೆಂದರೆ ನಾನು ಬೇಡ ಎನ್ನುವುದಿಲ್ಲ. ಆ ಹೊತ್ತಿಗೆ ಜೊತೆಗಿರಲು ನಂಬಿಕೆಯ ಗೆಳೆಯರು ಸಿಕ್ಕಿರುತ್ತಾರೆ. ಮೊದಲ ವರ್ಷವಾದರೆ ಅಪರಿಚಿತರ ಜೊತೆ ಕರಾರಿಗೆ ಸಹಿ ಹಾಕಬೇಕು.

ಹಣದ ಲೆಕ್ಕಕ್ಕೆ ಬರೋಣ. ಹಾಸ್ಟೆಲಿನ ಫೀಯನ್ನು ವರ್ಷಕ್ಕೆ ಹೇಳುತ್ತಾರೆ, ರೂಮಿನ ಬಾಡಿಗೆಯನ್ನು ತಿಂಗಳಿಗೆ ಹೇಳುತ್ತಾರೆ. ಇಲ್ಲೇ ಜನ ಮೋಸಹೋಗುವುದು. ಉದಾಹರಣೆಗೆ ಬಾಡಿಗೆ ತಿಂಗಳಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳಿ. ಮೂವರು ಹಂಚಿಕೊಂಡರೆ ತಲೆಗೆ 2,000. ಅಗ್ಗ ಅನಿಸುತ್ತದೆ. ಅಡ್ವಾನ್ಸ್ 30,000, ತಲೆಗೆ 10,000. ಮೇಲೆ ಕರೆಂಟ್ ಬಿಲ್ಲು, ನೀರು, ಗ್ಯಾಸು, ಖಾನಾವಳಿಯ ತಿಂಗಳ ಲೆಕ್ಕ. ರಜೆಗೆ ಊರಿಗೆ ಹೋಗಿ ಕೋಣೆಗೆ ಬೀಗ ಹಾಕಿದರೂ ಬಾಡಿಗೆ ನಿಲ್ಲುವುದಿಲ್ಲ. ಮಧ್ಯದಲ್ಲಿ ಒಬ್ಬ ಬೇರೆ ಕಡೆ ಸೀಟು ಸಿಕ್ಕಿತೆಂದು ಹೊರಟುಹೋದ ಅನ್ನಿ. ಮರುತಿಂಗಳಿಂದ ಉಳಿದಿಬ್ಬರಿಗೆ ತಲಾ 3,000. ಹೋದವನು ತನ್ನ 10,000 ಕೇಳುತ್ತಾನೆ. ಮಾಲೀಕರು ಕೋಣೆ ಖಾಲಿ ಮಾಡಿದ ಮೇಲೆಯೇ ಕೊಡುವುದು ಎನ್ನುತ್ತಾರೆ. ಒಳ್ಳೆಯ ಗೆಳೆತನ ಕೆಡುವುದು ಇಂಥಲ್ಲೇ. ಕೋಣೆ ಹಿಡಿಯುವ ದಿನವೇ, ಯಾರಾದರೂ ನಡುವೆ ಬಿಟ್ಟರೆ ಏನು ಮಾಡಬೇಕೆಂಬುದನ್ನು ಮೂವರೂ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.

ಬಾಯಿಮಾತಿನ ಕರಾರು ಬೇಡ. ಹನ್ನೊಂದು ತಿಂಗಳ ಕರಾರು ಯಾಕೆ ರೂಢಿಯಾಗಿದೆ ಎಂದು ಮಕ್ಕಳು ಕೇಳುತ್ತಾರೆ: ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕಾಗುತ್ತದೆ, ಅದನ್ನು ತಪ್ಪಿಸಲು ಹನ್ನೊಂದು. ಅಡ್ವಾನ್ಸ್ ಎಷ್ಟು, ಸುಣ್ಣಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಖಾಲಿ ಮಾಡಲು ಎಷ್ಟು ತಿಂಗಳು ಮುಂಚೆ ಹೇಳಬೇಕು, ಇಷ್ಟು ಅದರಲ್ಲಿರಲಿ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಆದರೆ ಅದು ಮಾದರಿಯಷ್ಟೇ. ರಾಜ್ಯಗಳು ಒಪ್ಪಿ ತಮ್ಮ ಕಾಯ್ದೆ ಮಾಡಿಕೊಂಡಾಗಲೇ ಅದಕ್ಕೆ ಬಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವ ಹಳೆಯ ರೂಢಿ ಎಷ್ಟು ಬಡ ಮಕ್ಕಳನ್ನು ಬಾಗಿಲಲ್ಲೇ ತಡೆದಿದೆಯೋ!

ರೂಮು ನೋಡಲು ಮಧ್ಯಾಹ್ನ ಹೋಗಬೇಡಿ. ಬೆಳಿಗ್ಗೆ ಏಳಕ್ಕೆ ಹೋಗಿ ಮಹಡಿಯ ನಳ ತಿರುಗಿಸಿ ನೋಡಿ. ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ ಮಲಪ್ರಭೆಯ ನೀರು ಎಲ್ಲ ಕಡೆ ದಿನವೂ ಬರುವುದಿಲ್ಲ; ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಟಾಕಿ ಎಷ್ಟು ದೊಡ್ಡದು, ಎಷ್ಟು ಮಂದಿಗೆ ಅದೇ ಟಾಕಿ ಎಂದು ಕೇಳಿ. ಇನ್ನೊಮ್ಮೆ ರಾತ್ರಿ ಎಂಟರ ಮೇಲೆ ಹೋಗಿ, ಬಸ್ ಸ್ಟಾಪಿನಿಂದ ಆ ಕೋಣೆಯವರೆಗೆ ನಡೆದು ನೋಡಿ. ಮಗಳಿಗಾಗಿ ನೋಡುತ್ತಿದ್ದರೆ ಅವಳನ್ನೇ ಕರೆದುಕೊಂಡು ನಡೆಯಿರಿ. ಆ ದಾರಿ ಅವಳಿಗೆ ಹೇಗನಿಸಿತು ಎಂಬುದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಈಗ ಖಾಲಿ ಮಾಡುತ್ತಿರುವ ಹುಡುಗರನ್ನು ಮಾಲೀಕರಿಲ್ಲದಾಗ ಮಾತಾಡಿಸಿ.

ಬೆಂಗಳೂರಿಗೆ ಓದಲು ಹೋಗುವವರಿಗೆ ಹಾಸ್ಟೆಲ್ ಸಿಗದಿದ್ದರೆ ಪಿ.ಜಿ.ಯೇ ಗತಿ. ಅಲ್ಲಿನ ಒಂದು ಪಿ.ಜಿ.ಯಲ್ಲಿ ಯುವತಿಯೊಬ್ಬಳ ಕೊಲೆಯಾದ ಮೇಲೆ 2024ರಲ್ಲಿ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿ ಕೆಲವು ಷರತ್ತುಗಳನ್ನು ಹಾಕಿತು: ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಕಾವಲುಗಾರ, ಅಡುಗೆಗೆ ಆಹಾರ ಸುರಕ್ಷತಾ ಪರವಾನಗಿ. ಪಿ.ಜಿ. ನೋಡಲು ಹೋದಾಗ ಪರವಾನಗಿ ತೋರಿಸಿ ಎಂದು ಕೇಳಲು ಸಂಕೋಚಪಡಬೇಡಿ. ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದರೆ ಅದನ್ನೂ ಕೇಳಿ. ತಿಂಗಳಿಗೆ ಒಬ್ಬರಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನ ಸತತವಾಗಿ ಉಳಿಯುವ ವಸತಿಗೆ 2024ರ ಜುಲೈಯಿಂದ ಆ ತೆರಿಗೆಯ ವಿನಾಯಿತಿ ಇದೆ.

ಊರಿಂದಲೇ ದಿನವೂ ಬಸ್ಸಿನಲ್ಲಿ ಬಂದುಹೋಗುವ ಮೂರನೆಯ ದಾರಿಯೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಇದರಿಂದ ಕಾಲೇಜಿನ ಮುಖ ಕಂಡ ಹುಡುಗಿಯರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಬಹಳ ಇದ್ದಾರೆ, ಅದು ಸಂತೋಷದ ಮಾತು. ಆದರೆ ಟಿಕೆಟ್ ಬೇಡವೆಂದು ಹಾಸ್ಟೆಲೂ ಬೇಡವೆಂದು ತೀರ್ಮಾನಿಸುವ ತಂದೆತಾಯಿಗೆ ಹೇಳುತ್ತೇನೆ: ಒಂದು ಗಂಟೆಯೊಳಗಿನ ದಾರಿಯಾದರೆ ಸರಿ. ಅದಕ್ಕಿಂತ ಹೆಚ್ಚಾದರೆ ಹುಡುಗಿ ಬೆಳಿಗ್ಗೆ ಕಸ ಮುಸುರೆ ಮುಗಿಸಿ ಬಸ್ಸು ಹಿಡಿದು, ಸಂಜೆ ಬಂದು ಮತ್ತೆ ಒಲೆಯ ಮುಂದೆ ಕೂತು, ಪುಸ್ತಕ ತೆಗೆಯುವಷ್ಟರಲ್ಲಿ ಕಣ್ಣು ಮುಚ್ಚುತ್ತಾಳೆ. ಮಗನಿಗೆ ರೂಮು ಮಾಡಿಕೊಟ್ಟು, ಮಗಳನ್ನು ಬಸ್ಸಿಗೆ ಹತ್ತಿಸುವ ಮನೆಗಳು ಒಮ್ಮೆ ಯೋಚಿಸಬೇಕು.

ಆಯ್ಕೆ ಎಂಬುದು ಎಲ್ಲರಿಗೂ ಒಂದೇ ರೀತಿ ಇಲ್ಲ. ರೂಮು ಕೇಳಲು ಹೋದ ಹುಡುಗನಿಗೆ ಹೆಸರಾದ ಮೇಲೆ ಬರುವ ಎರಡನೆಯ ಪ್ರಶ್ನೆ “ಯಾವ ಮಂದಿ ನೀವು?” ದಲಿತರ ಹುಡುಗ, ಮುಸಲ್ಮಾನರ ಹುಡುಗ ಉತ್ತರ ಹೇಳಿದ ಕೂಡಲೇ, ಆಗತಾನೇ ಖಾಲಿಯಿದ್ದ ಕೋಣೆಗೆ ಬೇರೆ ಯಾರೋ ಬರುವವರಿರುತ್ತಾರೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಅಂಬೇಡ್ಕರರು ಬರೋಡಾದಲ್ಲಿ ನೌಕರಿಗೆ ಸೇರಿದಾಗ ಇರಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಹೇಗೋ ಉಳಿದುಕೊಂಡವರನ್ನು ಜನ ಗುಂಪುಗೂಡಿ ಬಂದು ಹೊರಡಿಸಿದರು. ನೂರು ವರ್ಷ ದಾಟಿದರೂ ನಮ್ಮ ಬಡಾವಣೆಗಳಲ್ಲಿ ಆ ಪ್ರಶ್ನೆ ನಿಂತಿಲ್ಲ. ಈ ಮಕ್ಕಳಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ ಓದೇ ನಿಲ್ಲುತ್ತದೆ. ಸರ್ಕಾರ ಹಾಸ್ಟೆಲುಗಳಿಗೆ ಹಣ ಕೊಡುವಾಗ ಇದನ್ನು ಮರೆಯಬಾರದು.

ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳಿಗೆ ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರಗಳ ಅವಧಿ ಮುಗಿದಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಆ ಕಾಗದ ಸಿಗುವುದು ತಡವಾಗಿ ಸೀಟು ಕಳೆದುಕೊಂಡವರು ಬಹಳ. ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳು ಸರ್ಕಾರದ ವಿದ್ಯಾಸಿರಿ ಯೋಜನೆಗೆ ಅರ್ಜಿ ಹಾಕಬಹುದು. ಯೋಜನೆ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಊಟ ವಸತಿಗೆಂದು ಕೊಡುತ್ತಿದ್ದರು. ಅದರಲ್ಲಿ ಬಾಡಿಗೆಯೂ ಊಟವೂ ಪೂರ್ತಿ ನೀಗುವುದಿಲ್ಲ, ಆದರೂ ಬಿಡಬೇಡಿ.

ಕೊನೆಯದಾಗಿ, ಧಾರವಾಡದ, ಹುಬ್ಬಳ್ಳಿಯ, ಓದುವ ಮಕ್ಕಳು ತುಂಬಿರುವ ಎಲ್ಲ ಊರುಗಳ ಮನೆ ಮಾಲೀಕರಲ್ಲಿ ಒಂದು ವಿನಂತಿ. ಪ್ರವೇಶದ ದಿನಗಳಲ್ಲಿ ನಿಮ್ಮ ಬಾಗಿಲಿಗೆ ಹದಿನೆಂಟು ವರ್ಷದ ಮಕ್ಕಳು ಬರುತ್ತಾರೆ. ಊರು ಬಿಟ್ಟು ಬಂದದ್ದು ಅವರಿಗೆ ಅದೇ ಮೊದಲು. ಕಾಲೇಜಿನ ಗುರುತಿನ ಚೀಟಿ ಕೇಳಿ, ಆಧಾರ್ ಪ್ರತಿ ಕೇಳಿ, ತಂದೆತಾಯಿಯ ಫೋನ್ ನಂಬರ್ ಬರೆದುಕೊಳ್ಳಿ. ಅವರ ಜಾತಿ ಕೇಳಬೇಡಿ.